ಅರ್ಧ ಮಿಲಿಸೆಕೆಂಡಿನೊಳಗೆ

ಸಿಆರ್‌ಓ (ಆಸಿಲೋಸ್ಕೋಪ್) ಪರದೆಯ ಮೇಲೆ ಎರಡು ಗೆರೆಗಳು ಒಂದರ ಕೆಳಗೊಂದು ನಿಂತಿವೆ. ಮೇಲಿನದು ವೋಲ್ಟೇಜು. ಅದು ಕೋಟೆಗೋಡೆಯ ತೆನೆಗಳಂತೆ ನೆಟ್ಟಗೆ ಏರುತ್ತದೆ, ಚಪ್ಪಟೆಯಾಗಿ ಒಂದಿಷ್ಟು ನಡೆಯುತ್ತದೆ, ನೆಟ್ಟಗೆ ಬೀಳುತ್ತದೆ, ಮತ್ತೆ ಏರುತ್ತದೆ. ನೂರು ವೋಲ್ಟು, ಸೊನ್ನೆ, ನೂರು, ಸೊನ್ನೆ. ಆ ಏರಿಳಿತಕ್ಕೆ ಹಿಂದಿನದರ ನೆನಪಾಗಲಿ ಮುಂದಿನದರ ಅಳುಕಾಗಲಿ ಇದ್ದಂತಿಲ್ಲ. ಕೆಳಗಿನದು ಕರೆಂಟು. ಅದೇ ಸ್ವಿಚ್ಚು, ಅದೇ ತಂತಿ, ಅದೇ ಗಳಿಗೆ. ಆದರೂ ಈ ಗೆರೆ ಮೇಲಿನ ಗದ್ದಲವನ್ನು ಕೇಳಿಯೂ ಕೇಳದಂತೆ ಮೆಲ್ಲಗೆ ಬಾಗಿ ಏರುತ್ತದೆ, ಸ್ವಿಚ್ಚು ಆರಿದ ಕ್ಷಣ ದಿಕ್ಕನ್ನಷ್ಟೇ ಬದಲಿಸಿಕೊಂಡು ಮೆಲ್ಲಗೆ ಬಾಗಿ ಇಳಿಯುತ್ತದೆ. ಅದಕ್ಕೆ ತಿರುವುಗಳಿವೆ, ಚೂಪಾದ ಮೂಲೆಗಳೂ ಇವೆ, ಜಿಗಿತ ಮಾತ್ರ ಒಂದೂ ಇಲ್ಲ. ಡಿಸಿ ಚಾಪರಿನ ಪಾಠ ಮಾಡುವವರು ಈ ಎರಡು ಗೆರೆಗಳನ್ನು ಹಲಗೆಯ ಮೇಲೆ ಬರೆದು, ಸ್ವಿಚ್ಚು ಹಾಕಿರುವ ಹೊತ್ತು ಟಿ-ಆನ್ ಎಷ್ಟು, ಆರಿಸಿರುವ ಹೊತ್ತು ಟಿ-ಆಫ್ ಎಷ್ಟು ಎಂದು ಕೇಳಿ, ಸೂತ್ರ ಬರೆಸಿ ಮುಂದಿನ ಪಾಠಕ್ಕೆ ಹೋಗುತ್ತಾರೆ. ಪರೀಕ್ಷೆಗೆ ಅಷ್ಟು ಸಾಕು. ನನಗೆ ಆ ಪರದೆಯ ಮುಂದೆ ಕೂತರೆ ಏಳುವ ಮನಸ್ಸೇ ಬರುವುದಿಲ್ಲ.

ಚಾಪರಿನ ಸರ್ಕ್ಯೂಟಿನಲ್ಲಿ ಇರುವುದು ಬಹಳ ಕಡಿಮೆ. ನೂರು ವೋಲ್ಟಿನ ಡಿಸಿ ಸಪ್ಲೈ, ಒಂದು ಸ್ವಿಚ್ಚು, ತಾಮ್ರದ ಒಂದು ಸುರುಳಿ, ಆ ಸುರುಳಿಗೆ ಅಡ್ಡಲಾಗಿ ಒಂದು ಡಯೋಡು. ಸುರುಳಿಯ ಇಂಡಕ್ಟೆನ್ಸ್ 10 ಮಿಲಿಹೆನ್ರಿ, ಅದರೊಂದಿಗಿನ ರೆಸಿಸ್ಟೆನ್ಸ್ 5 ಓಮ್ ಎಂದಿಟ್ಟುಕೊಳ್ಳೋಣ. ಸ್ವಿಚ್ಚನ್ನು ಹಾಕಿಯೇ ಬಿಟ್ಟರೆ 20 ಆಂಪಿಯರ್ ಹರಿಯುತ್ತದೆ. ಹತ್ತೇ ಸಾಕು ಎಂದರೆ ಹಳೆಯ ಕಾಲದವರು ಇನ್ನೊಂದು 5 ಓಮ್‌ನ ರಿಯೋಸ್ಟಾಟನ್ನು ಸಾಲಿಗೆ ಸೇರಿಸಿ, ಬಂದ ಶಕ್ತಿಯಲ್ಲಿ ಅರ್ಧವನ್ನು ಶಾಖವಾಗಿ ಗಾಳಿಗೆ ಬಿಡುತ್ತಿದ್ದರು. ಚಾಪರಿನ ರೀತಿಯೇ ಬೇರೆ. ಅದು ಕೊಟ್ಟರೆ ಪೂರ್ತಿ ಕೊಡುತ್ತದೆ, ಇಲ್ಲದಿದ್ದರೆ ಏನೂ ಕೊಡುವುದಿಲ್ಲ. ಅರ್ಧ ಮಿಲಿಸೆಕೆಂಡು ಹಾಕಿ, ಅರ್ಧ ಮಿಲಿಸೆಕೆಂಡು ಆರಿಸಿ, ಹೀಗೆ ಸೆಕೆಂಡಿಗೆ ಸಾವಿರ ಸಲ. ಎವೆಯಿಕ್ಕುವಷ್ಟರಲ್ಲಿ ನೂರು ಸುತ್ತು ಮುಗಿದಿರುತ್ತದೆ. ಹೌದು ಮತ್ತು ಇಲ್ಲ ಎಂಬ ಎರಡನ್ನೇ ಬಲ್ಲ ಸ್ವಿಚ್ಚಿನಿಂದ ‘ಅರ್ಧ’ ಎಂಬ ಮೂರನೆಯದು ಹುಟ್ಟಬೇಕಾದರೆ ಆ ಹೌದನ್ನೂ ಇಲ್ಲವನ್ನೂ ಒಟ್ಟಿಗೆ ಮನಸ್ಸಿನಲ್ಲಿ ಇಟ್ಟುಕೊಳ್ಳಬಲ್ಲ ಏನೋ ಒಂದು ಬೇಕು. ಅದು ಸುರುಳಿಯಲ್ಲಿದೆ.

ಸುರುಳಿಯಲ್ಲಿ ಎಲ್ಲಿ? ತಂತಿಯೊಳಗೆ ನುಗ್ಗುತ್ತಿರುವ ಎಲೆಕ್ಟ್ರಾನುಗಳ ಓಟವೇ ತಟ್ಟನೆ ನಿಲ್ಲಲಾರದೆ ಮುಂದುವರಿಯುತ್ತಿರಬಹುದು ಎಂದು ಮೊದಲು ಅನ್ನಿಸುತ್ತದೆ. ಆದರೆ ಎರಡೂವರೆ ಚದರ ಮಿಲಿಮೀಟರಿನ ತಾಮ್ರದ ತಂತಿಯಲ್ಲಿ 10 ಆಂಪಿಯರ್ ಹರಿಯುವಾಗ ಎಲೆಕ್ಟ್ರಾನುಗಳ ಗುಂಪು ಮುಂದೆ ಸರಿಯುವುದು ಸೆಕೆಂಡಿಗೆ ಒಂದು ಮಿಲಿಮೀಟರಿನ ಮೂರನೆಯ ಒಂದು ಭಾಗವೂ ಇಲ್ಲ. ನಮ್ಮ ಅರ್ಧ ಮಿಲಿಸೆಕೆಂಡಿನಲ್ಲಿ ಅವು ಕ್ರಮಿಸಿದ ದೂರ ತಲೆಗೂದಲಿನ ದಪ್ಪದ ನೂರರಲ್ಲೊಂದು ಪಾಲಿಗೂ ಸಾಲದು. ಇಷ್ಟು ನಿಧಾನದ ನಡಿಗೆಗೆ ಅಂಥ ಹಟ ಎಲ್ಲಿಂದ ಬರಬೇಕು? ಹಟ ಇರುವುದು ತಂತಿಯ ಸುತ್ತಮುತ್ತ ಹಬ್ಬಿದ ಕಾಂತಕ್ಷೇತ್ರದಲ್ಲಿ. ಇಂಡಕ್ಟರೊಂದನ್ನು ಬಿಚ್ಚಿ ನೋಡಿದವರಿಗೆ ಗೊತ್ತು: ಸುರುಳಿಯ ನಡುವೆ ಹಾದುಹೋಗುವ ಕಬ್ಬಿಣದ ಪಟ್ಟಿಗಳದೋ ಫೆರೈಟಿನದೋ ಎರಡು ತುಂಡುಗಳು ಎದುರುಬದುರಾಗಿ ಕೂಡುವ ಕಡೆ ಒಂದು ತೆಳ್ಳನೆಯ ರಟ್ಟಿನ ಚೂರು ಇರುತ್ತದೆ, ತುಂಡುಗಳು ಒಂದಕ್ಕೊಂದು ತಾಗದಿರಲೆಂದು ಬೇಕೆಂದೇ ಇಟ್ಟದ್ದು. ಉಗುರಿನಿಂದ ಎಬ್ಬಿಸಿದರೆ ಎದ್ದು ಬರುತ್ತದೆ, ಬೆಳಕಿಗೆ ಹಿಡಿದರೆ ಅಂಚಿನಲ್ಲಿ ವಾರ್ನಿಷಿನ ಜೇನುಬಣ್ಣ, ಮೂಸಿದರೆ ಹಳೆಯ ಮೋಟಾರುಗಳ ಹೊಟ್ಟೆಯಲ್ಲಿ ಬರುವ ಅದೇ ಕಮರು ವಾಸನೆ. ಕಬ್ಬಿಣ, ಫೆರೈಟು ಇವೆಲ್ಲ ಕಾಂತಕ್ಷೇತ್ರಕ್ಕೆ ದಾರಿ ಮಾಡಿಕೊಡುವುದಕ್ಕಷ್ಟೇ. ಕೂಡಿಟ್ಟ ಶಕ್ತಿಯ ಬಹುಪಾಲು ನಿಂತಿರುವುದು ಆ ಸಂದಿನಲ್ಲಿ, ಲೋಹವಿಲ್ಲದ ಕಡೆಯಲ್ಲಿ, ಹೇಳಬೇಕೆಂದರೆ ಬಯಲಿನಲ್ಲಿ. 10 ಆಂಪಿಯರ್ ಹರಿಯುವ ನಮ್ಮ ಸುರುಳಿಯಲ್ಲಿ ಅದು ಅರ್ಧ ಜೂಲ್, ನೂರು ಗ್ರಾಂ ತೂಕವನ್ನು ನೆಲದಿಂದ ಮೊಣಕಾಲಿನ ಮಟ್ಟಕ್ಕೆ ಎತ್ತಲು ಸಾಕಾಗುವಷ್ಟು. ದೊಡ್ಡದೇನಲ್ಲ. ಆದರೆ ಏನೂ ಇಲ್ಲದ ತೆಳುಜಾಗದಲ್ಲಿ ಅಷ್ಟು ಇದೆ, ಕರೆದಾಗ ಒಂದಿಷ್ಟೂ ತಡವಿಲ್ಲದೆ ಹೊರಬರುತ್ತದೆ ಎಂಬುದನ್ನು ನೆನೆದಾಗಲೆಲ್ಲ ಕೈಯಲ್ಲಿರುವ ರಟ್ಟಿನ ಚೂರನ್ನು ಮೇಜಿನ ಮೇಲೆ ಸ್ವಲ್ಪ ಎಚ್ಚರದಿಂದ ಇಡಬೇಕೆನಿಸುತ್ತದೆ.

ಈ ಹಟವನ್ನು ಬರಹದಲ್ಲಿ ಹಿಡಿದಿಟ್ಟ ಮೊದಲಿಗರಲ್ಲಿ ಒಬ್ಬರು ಜೋಸೆಫ್ ಹೆನ್ರಿ, ಅಮೆರಿಕದ ಆಲ್ಬನಿ ಊರಿನ ಅಕಾಡೆಮಿಯಲ್ಲಿ ಮೇಷ್ಟರಾಗಿದ್ದವರು. 1832ರಲ್ಲಿ ಅವರು ಪ್ರಕಟಿಸಿದ ಲೇಖನದ ಕೊನೆಯ ಭಾಗದಲ್ಲಿ ಒಂದು ಪುಟ್ಟ ಗಮನಿಕೆಯಿದೆ. ಬ್ಯಾಟರಿಯ ಎರಡು ಧ್ರುವಗಳಿಗೆ ಪಾದರಸದ ಬಟ್ಟಲುಗಳು. ಬಟ್ಟಲಿಂದ ಬಟ್ಟಲಿಗೆ ಒಂದಡಿ ಉದ್ದದ ತಂತಿ ಹಾಕಿ ತೆಗೆದರೆ ಏನೂ ಕಾಣುವುದಿಲ್ಲ. ಅದೇ ಮೂವತ್ತು ನಲವತ್ತು ಅಡಿ ಉದ್ದದ ತಂತಿಯಾದರೆ, ಹಾಕುವಾಗ ಏನೂ ಇಲ್ಲ, ತುದಿಯನ್ನು ಪಾದರಸದಿಂದ ಎತ್ತುವಾಗ ಒಂದು ಹೊಳೆಯುವ ಕಿಡಿ. ತಂತಿಯನ್ನು ಸುರುಳಿ ಸುತ್ತಿದರೆ ಕಿಡಿ ಇನ್ನೂ ಜೋರು. ಬ್ಯಾಟರಿ ಅದೇ, ಪಾದರಸ ಅದೇ, ಬದಲಾದದ್ದು ತಂತಿಯ ಉದ್ದವೂ ಸುತ್ತೂ ಅಷ್ಟೇ. ಬಟ್ಟಲಿನ ಕಪ್ಪು-ಬೆಳ್ಳಿ ಮೈಯಿಂದ ತಾಮ್ರದ ತುದಿ ಬಿಟ್ಟುಹೋಗುವ ಆ ಗಳಿಗೆಯಲ್ಲಿ, ಹೋಗುವವರನ್ನು ಹೋಗಗೊಡದ ಬೆಳಕೊಂದು ನಡುವೆ ಹುಟ್ಟಿ ಆರುವುದನ್ನು ಅವರು ಎಷ್ಟು ಸಲ ನೋಡಿರಬಹುದು! 1893ರಲ್ಲಿ ಷಿಕಾಗೊದಲ್ಲಿ ಸೇರಿದ ವಿದ್ಯುತ್ ತಜ್ಞರ ಅಂತಾರಾಷ್ಟ್ರೀಯ ಸಭೆ ಇಂಡಕ್ಟೆನ್ಸಿನ ಅಳತೆಗೆ ಅವರ ಹೆಸರನ್ನೇ ಇಟ್ಟಿತು. ನಮ್ಮ ಸುರುಳಿ ಆ ಹೆಸರಿನ ನೂರನೆಯ ಒಂದು ಭಾಗ. ಅದರಲ್ಲಿ ಹರಿಯುವ 10 ಆಂಪಿಯರನ್ನು ಒಂದೇ ಮೈಕ್ರೊಸೆಕೆಂಡಿನಲ್ಲಿ ಕಡಿದುಹಾಕಲು ಹೊರಟರೆ ಅದು ಎದುರು ಒಡ್ಡುವ ವೋಲ್ಟೇಜು ಒಂದು ಲಕ್ಷ. ಕೊಟ್ಟವರು ನೂರು ವೋಲ್ಟು ಕೊಟ್ಟಿದ್ದರು, ಕೇಳುವಾಗ ಅದು ಲಕ್ಷದ ಮಾತಾಡುತ್ತದೆ. ನಮ್ಮ ಸ್ವಿಚ್ಚು ಅದನ್ನು ತಾಳಲಾರದು, ಸುಟ್ಟು ಕರಕಲಾಗುತ್ತದೆ.

ಅದಕ್ಕೇ ಡಯೋಡು. ಸ್ವಿಚ್ಚು ಹಾಕಿರುವಷ್ಟು ಹೊತ್ತು ಅದು ತನಗೂ ಇದಕ್ಕೂ ಸಂಬಂಧವೇ ಇಲ್ಲವೆಂಬಂತೆ ತಣ್ಣಗೆ ಕೂತಿರುತ್ತದೆ. ಸ್ವಿಚ್ಚು ಆರಿದ ಕ್ಷಣ, ದಾರಿ ತಪ್ಪಿದ ಕರೆಂಟಿಗೆ ಅದು ತನ್ನ ಬಾಗಿಲು ತೆರೆಯುತ್ತದೆ. ಸಪ್ಲೈಯಿಂದ ಏನೂ ಬರದಿದ್ದರೂ ಕರೆಂಟು ಸುರುಳಿಯಿಂದ ಡಯೋಡಿಗೆ, ಡಯೋಡಿನಿಂದ ಸುರುಳಿಗೆ ತನ್ನಷ್ಟಕ್ಕೆ ಸುತ್ತುತ್ತದೆ. ರಾಗಿ ಬೀಸುವಾಗ ಗೂಟದಿಂದ ಕೈ ತೆಗೆದ ಮೇಲೂ ಬೀಸುಕಲ್ಲು ಒಂದೆರಡು ಸುತ್ತು ಗುಡುಗುಡು ಎಂದು ತಿರುಗಿ, ಹಿಟ್ಟು ಇನ್ನೂ ಅಂಚಿನಿಂದ ಉದುರುತ್ತಲೇ ಇರುತ್ತದಲ್ಲ, ಆ ಸುತ್ತಿನ ಜಾತಿ ಇದು. ಕಲ್ಲು ನಿಲ್ಲುವ ಮೊದಲೇ ಕೈ ಮತ್ತೆ ಗೂಟಕ್ಕೆ ಬರಬೇಕು. ಯಾವಾಗ ಬರಬೇಕು ಎಂಬುದೇ ನಮ್ಮ ಲೆಕ್ಕ.

ಕರೆಂಟು ಏರುವ, ಇಳಿಯುವ ಬಾಗುಗೆರೆಗೆ ಮೊದಲು ಗಣಿತದ ರೂಪ ಕೊಟ್ಟವರು ಹರ್ಮನ್ ಹೆಲ್ಮ್‌ಹೋಲ್ಟ್ಸ್, 1851ರಲ್ಲಿ, ಕ್ಯೋನಿಗ್ಸ್‌ಬರ್ಗಿನಲ್ಲಿ. ಅವರು ಇದಕ್ಕೆ ಬಂದದ್ದು ಯಂತ್ರಗಳ ದಾರಿಯಿಂದಲ್ಲ, ಕಪ್ಪೆಯ ಕಾಲಿನ ದಾರಿಯಿಂದ. ಅದರ ಹಿಂದಿನ ವರ್ಷವಷ್ಟೇ ಅವರು ನರದೊಳಗೆ ಸಂದೇಶ ಎಷ್ಟು ವೇಗದಲ್ಲಿ ಹೋಗುತ್ತದೆಂದು ಅಳೆದಿದ್ದರು: ಸೆಕೆಂಡಿಗೆ ಸುಮಾರು 27 ಮೀಟರ್. ನರದ ಆ ಸೂಕ್ಷ್ಮ ಹೊತ್ತನ್ನು ಅಳೆಯಲು ವಿದ್ಯುತ್ತನ್ನೇ ಗಡಿಯಾರವಾಗಿ ಬಳಸಿದವರಿಗೆ, ಸುರುಳಿಯಲ್ಲಿ ವಿದ್ಯುತ್ತು ತಾನೇ ಎಷ್ಟು ಹೊತ್ತು ತೆಗೆದುಕೊಳ್ಳುತ್ತದೆಂಬುದು ಗೊತ್ತಾಗಲೇಬೇಕಿತ್ತು. ಕಪ್ಪೆಯ ತೊಡೆಯ ಒಂದು ಎಳೆ ನರವೂ ತಂತಿಯ ಸುರುಳಿಯೂ ಒಬ್ಬನೇ ಮನುಷ್ಯನ ಮೇಜಿನ ಮೇಲೆ, ಒಂದೇ ಕುತೂಹಲದ ಬೆಳಕಿನಲ್ಲಿ ಅಕ್ಕಪಕ್ಕ ಮಲಗಿದ್ದವು ಎಂಬುದು ನನಗೆ ಸೂತ್ರಕ್ಕಿಂತ ಹೆಚ್ಚು ಇಷ್ಟ.

ಸೂತ್ರ ಹೇಳುವುದು ಇಷ್ಟೇ: ಕರೆಂಟು ತಾನು ಸೇರಬೇಕಾದ ಗುರಿಗೆ ಎಷ್ಟು ದೂರವಿದೆಯೋ ಅಷ್ಟಕ್ಕೆ ತಕ್ಕ ಅವಸರದಲ್ಲಿ ನಡೆಯುತ್ತದೆ, ಹತ್ತಿರವಾದಂತೆ ನಿಧಾನಿಸುತ್ತದೆ, ಪೂರ್ತಿ ಸೇರುವುದೇ ಇಲ್ಲ. ಸ್ವಿಚ್ಚು ಹಾಕಿದಾಗ ಗುರಿ 20 ಆಂಪಿಯರ್, ಆರಿಸಿದಾಗ ಸೊನ್ನೆ. ನಮ್ಮ ಸುರುಳಿಗೆ ಕಾಲದ ಅಳತೆಗೋಲು ಇಂಡಕ್ಟೆನ್ಸನ್ನು ರೆಸಿಸ್ಟೆನ್ಸಿನಿಂದ ಭಾಗಿಸಿದ 2 ಮಿಲಿಸೆಕೆಂಡು. ಪ್ರತಿ 2 ಮಿಲಿಸೆಕೆಂಡಿಗೆ ಉಳಿದ ದೂರದ ನೂರಕ್ಕೆ ಅರವತ್ತಮೂರು ಭಾಗ ಸವೆಯುತ್ತದೆ. ಈಗ ಕರೆಂಟನ್ನು ಎರಡು ಮಿತಿಗಳ ನಡುವೆ ಕಾಯುವುದಾದರೆ, ಕೆಳಮಿತಿ ಮುಟ್ಟಿದಾಗ ಹಾಕು, ಮೇಲ್ಮಿತಿ ಮುಟ್ಟಿದಾಗ ಆರಿಸು ಎಂದು ಸ್ವಿಚ್ಚಿಗೆ ಹೇಳಿ ಸುಮ್ಮನಾಗಬಹುದು. ಮಿತಿಗಳನ್ನು 4 ಮತ್ತು 5 ಆಂಪಿಯರ್ ಎಂದಿಟ್ಟರೆ ಏರಲು ಬೇಕಾದ ಹೊತ್ತು 0.129 ಮಿಲಿಸೆಕೆಂಡು, ಇಳಿಯಲು 0.446. ಮಿತಿಗಳನ್ನು 15 ಮತ್ತು 16ಕ್ಕೆ ಎತ್ತಿ ನೋಡಿ: ಏರಲು 0.446, ಇಳಿಯಲು 0.129. ಅದೇ ಎರಡು ಅಂಕಿಗಳು ಜಾಗ ಬದಲಿಸಿಕೊಂಡು ನಿಂತಿವೆ. ತಳದ ಹತ್ತಿರ ಇರುವುದಕ್ಕೆ ಏರುವ ಆಸೆ ಎಷ್ಟು ತೀವ್ರವೋ, ತುದಿಯ ಹತ್ತಿರ ಇರುವುದಕ್ಕೆ ಇಳಿಯುವ ಸೆಳೆತ ಅಷ್ಟೇ ತೀವ್ರ, ಒಂದು ಕೂದಲೆಳೆಯ ವ್ಯತ್ಯಾಸವೂ ಇಲ್ಲ. ಯಾರೂ ಹಾಗೆ ಹೊಂದಿಸಿಟ್ಟದ್ದಲ್ಲ. ಕಾಗದದ ಮೇಲೆ ಲಾಗ್ ತೆಗೆಯುತ್ತ ಹೋದಾಗ ಎರಡನೆಯ ಸಲವೂ ಮೊದಲಿನ ಅಂಕಿಗಳೇ ಎದುರಾಗುತ್ತವೆ, ಪೆನ್ನು ಅಲ್ಲೇ ನಿಲ್ಲುತ್ತದೆ.

ಇದನ್ನು ಕಿವಿಯಿಂದಲೂ ಕೇಳಬಹುದು. ಕಾಂತಕ್ಷೇತ್ರ ಏರಿಳಿಯುವಾಗ ಕಬ್ಬಿಣದ ಪಟ್ಟಿಗಳು ಕಣ್ಣಿಗೆ ಕಾಣದಷ್ಟು ಹಿಗ್ಗಿ ಕುಗ್ಗುತ್ತವೆ, ಸುರುಳಿಯ ಸುತ್ತುಗಳು ಒಂದನ್ನೊಂದು ಸೆಳೆಯುತ್ತವೆ, ಸುರುಳಿ ಹಾಡುತ್ತದೆ. ಒಂದು ಆಂಪಿಯರಿನ ಅದೇ ಅಗಲದ ಮಿತಿಗಳನ್ನು ತಳದಿಂದ ನಿಧಾನವಾಗಿ ಮೇಲೆ ಜರುಗಿಸುತ್ತ ಹೋದರೆ, 4ರಿಂದ 5ರ ನಡುವೆ ಸೆಕೆಂಡಿಗೆ ಸುಮಾರು 1740 ಸುತ್ತು ಇದ್ದದ್ದು, ನಟ್ಟನಡುವಿನ 10 ಆಂಪಿಯರಿನ ಸುತ್ತಮುತ್ತ 2500ಕ್ಕೆ ಏರುತ್ತದೆ, 15 ದಾಟಿದಾಗ ಮತ್ತೆ 1740ಕ್ಕೆ ಇಳಿಯುತ್ತದೆ. ಷಡ್ಜದಿಂದ ಹೊರಟು ಪ್ರತಿಮಧ್ಯಮದ ಆಸುಪಾಸಿನವರೆಗೆ ಹೋಗಿ ಷಡ್ಜಕ್ಕೆ ಮರಳಿದಷ್ಟು. ಕರೆಂಟು ಮಾತ್ರ ಒಂದೇ ದಿಕ್ಕಿನಲ್ಲಿ ಏರುತ್ತಲೇ ಇತ್ತು. ಹಾಕುವ ಹೊತ್ತು, ಆರಿಸುವ ಹೊತ್ತು ಎರಡೂ ಸರಿಸಮವಾಗುವ ಕಡೆಯಲ್ಲಿ ಸ್ವರ ಅತಿ ಎತ್ತರ, ಒಂದು ಇನ್ನೊಂದನ್ನು ಮೀರಿದಂತೆಲ್ಲ ಸ್ವರ ತಗ್ಗು. ಸಂಜೆಯ ಹೊತ್ತು ಲ್ಯಾಬಿನ ಫ್ಯಾನುಗಳನ್ನೆಲ್ಲ ಆರಿಸಿ ನಾಬನ್ನು ತಿರುಗಿಸುತ್ತ ಕೂತರೆ ಆ ಸಣ್ಣ ಸಿಳ್ಳು ಮೇಜಿನ ಹಲಗೆಯಿಂದ ಮೊಣಕೈಗೂ ಬರುತ್ತದೆ.

ಮಿತಿಗಳನ್ನು ಬಿಟ್ಟು ಹೊತ್ತನ್ನೇ ಕಟ್ಟಿಹಾಕಿದರೆ, ಅರ್ಧ ಮಿಲಿಸೆಕೆಂಡು ಹಾಕು, ಅರ್ಧ ಮಿಲಿಸೆಕೆಂಡು ಆರಿಸು ಎಂದರೆ, ಇನ್ನೊಂದು ಸೋಜಿಗ ಕಾದಿದೆ. ಸೊನ್ನೆಯಿಂದ ಹೊರಟ ಕರೆಂಟಿನ ಮೊದಲ ಶಿಖರ 4.42 ಆಂಪಿಯರ್, ಎರಡನೆಯದು 7.11, ಆಮೇಲೆ 8.73, 9.72, 10.32. ಪ್ರತಿ ಸುತ್ತಿಗೂ ಉಳಿದ ದೂರದ ಐದರಲ್ಲಿ ಎರಡು ಪಾಲಿನಷ್ಟನ್ನು ಸವೆಸುತ್ತ ಅದು 11.24ರ ಶಿಖರ, 8.76ರ ಕಣಿವೆಗೆ ಬಂದು ನೆಲೆಯಾಗುತ್ತದೆ. ಸೊನ್ನೆಯ ಬದಲು ತುಂಬಿದ 20 ಆಂಪಿಯರಿನಿಂದ ಹೊರಟರೂ ಬಂದು ಸೇರುವುದು ಅಲ್ಲಿಗೇ. ಈ ಅಂಕಿಗಳನ್ನು ಸ್ವಿಚ್ಚಿಗೆ ಯಾರೂ ಹೇಳಿಲ್ಲ. ಸ್ವಿಚ್ಚಿಗೆ ಕರೆಂಟು ಎಂಬುದೊಂದು ಇದೆಯೆಂದೇ ತಿಳಿಯದು. ಸುರುಳಿಯ ಮೇಲೆ ಆನ್ ಹೊತ್ತಿನಲ್ಲಿ ಬಿದ್ದ ವೋಲ್ಟೇಜಿನ ಗೆರೆಯಡಿಯ ಜಾಗವೂ, ಆಫ್ ಹೊತ್ತಿನಲ್ಲಿ ಅದು ತಲೆಕೆಳಗಾಗಿ ಬಿಟ್ಟುಕೊಟ್ಟ ಜಾಗವೂ ಕಡಲೆಕಾಳಿನಷ್ಟೂ ಹೆಚ್ಚುಕಡಿಮೆಯಿಲ್ಲದೆ ಸರಿಹೋಗುವ ಆ ಒಂದೇ ಎತ್ತರವನ್ನು ಕರೆಂಟು ಕತ್ತಲಲ್ಲಿ ತಡವಿ ಕಂಡುಕೊಳ್ಳುತ್ತದೆ. ಪರದೆಯ ಮೇಲೆ ಗೆರೆ ಅಲುಗದೆ ನಿಂತಂತೆ ಕಾಣುವುದು ಈ ನೆಲೆ ಸಿಕ್ಕ ಮೇಲೆಯೇ. ಒಳಗೆ ಅದು ಏರುತ್ತಿದೆ, ಇಳಿಯುತ್ತಿದೆ, ಏರುತ್ತಿದೆ.

ಸಿಆರ್‌ಓದ ಟೈಮ್ ಬೇಸ್ ನಾಬನ್ನು ಒಂದೊಂದೇ ಮೆಟ್ಟಿಲು ತಿರುಗಿಸಿ ಆ ನೆಟ್ಟಗಿನ ಗೋಡೆಯೊಳಕ್ಕೇ ಇಳಿದರೆ, ಅದು ಗೋಡೆಯಲ್ಲ, ಇಳಿಜಾರು. ನೂರಾರು ನ್ಯಾನೊಸೆಕೆಂಡುಗಳ ಒಂದು ಇಡೀ ಊರು ಅಲ್ಲಿದೆ. ಸ್ವಿಚ್ಚಾಗಿ ಕೆಲಸ ಮಾಡುವ ಮಾಸ್‌ಫೆಟ್ಟಿನ ಗೇಟಿಗೆ ವೋಲ್ಟೇಜು ಬರುತ್ತದೆ, ಮೆಲ್ಲಗೆ ಏರುತ್ತದೆ, ಸ್ವಿಚ್ಚು ಹರಿಸತೊಡಗುತ್ತದೆ. ಸುರುಳಿಯ ಕರೆಂಟು ಇಷ್ಟು ಕಿರುಹೊತ್ತಿನಲ್ಲಿ ಜಪ್ಪಯ್ಯ ಎಂದರೂ ಅಲುಗುವುದಿಲ್ಲ. ಆದ್ದರಿಂದ ಡಯೋಡು ಹೊತ್ತಿರುವುದನ್ನು ಸ್ವಿಚ್ಚು ತುಸುತುಸುವಾಗಿ ತನ್ನ ಮೇಲೆ ಎಳೆದುಕೊಳ್ಳಬೇಕು. ಕೊನೆಯ ಹನಿ ಕೈಬದಲಾಗುವ ತನಕ ಡಯೋಡು ಸುರುಳಿಯ ತುದಿಯನ್ನು ಬಿಟ್ಟುಕೊಡುವುದಿಲ್ಲ, ಅಷ್ಟೂ ಹೊತ್ತು ಸ್ವಿಚ್ಚಿನ ಮೈಮೇಲೆ ಪೂರ್ತಿ ನೂರು ವೋಲ್ಟು ನಿಂತೇ ಇರುತ್ತದೆ. ಎಲ್ಲ ಕೈಬದಲಾಯಿತು ಎನ್ನುವಾಗ ಡಯೋಡಿನೊಳಗೆ ಉಳಿದುಹೋದ ವಿದ್ಯುದಾವೇಶ ಒಂದು ಗಳಿಗೆ ಹಿಮ್ಮುಖವಾಗಿ ಹರಿಯುತ್ತದೆ. ಒಂದೇ ಕಡೆಗೆ ಬಿಡುವುದೆಂದು ನಾವು ನಂಬಿದ ಬಾಗಿಲು, ಕಳಿಸಿದವರನ್ನು ಮತ್ತೊಮ್ಮೆ ನೋಡಿ ಮುಚ್ಚಿಕೊಳ್ಳುತ್ತದೆ. ಪರದೆಯ ಮೇಲೆ ಅದು ಒಂದು ಚೂಪಾದ ಮೊನೆ, ಆಮೇಲೆ ಸಣ್ಣ ನಡುಕ. ಅನಂತರವಷ್ಟೇ ಸ್ವಿಚ್ಚಿನ ಮೇಲಿನ ವೋಲ್ಟೇಜು ಇಳಿಯತೊಡಗುತ್ತದೆ, ಅದು ಇಳಿಯುವಷ್ಟು ಹೊತ್ತು ಗೇಟಿನ ಗೆರೆ ಏರುವುದನ್ನು ಮರೆತು ಸಮತಟ್ಟಾಗಿ ನಿಂತುಬಿಡುತ್ತದೆ. 1920ರಲ್ಲಿ ರೇಡಿಯೊ ವಾಲ್ವುಗಳಲ್ಲಿ ಇದೇ ಗುಣವನ್ನು ವಿವರಿಸಿದ ಜಾನ್ ಮಿಲ್ಲರ್ ಹೆಸರಿನಿಂದ ಈ ಸಮತಟ್ಟನ್ನು ಇಂದಿಗೂ ಕರೆಯುತ್ತಾರೆ. ಆರುವಾಗ ಇದೆಲ್ಲ ಹಿಂದುಮುಂದಾಗಿ: ಮೊದಲು ವೋಲ್ಟೇಜು ಪೂರ್ತಿ ಏರಬೇಕು, ಆಮೇಲೆ ಡಯೋಡು ತೆರೆದು, ಕಡೆಗೆ ಕರೆಂಟು ಸ್ವಿಚ್ಚನ್ನು ಬಿಡಬೇಕು. ನೂರು ವೋಲ್ಟು, ಹತ್ತು ಆಂಪಿಯರ್ ಎರಡನ್ನೂ ಒಟ್ಟಿಗೆ ಹೊರುವ ಆ ಕಿರುಗಳಿಗೆಗಳ ಬಿಸಿಯೂ ಸ್ವಿಚ್ಚಿನ ಬೆನ್ನಿಗೆ ತಿರುಪಿನಿಂದ ಬಿಗಿದ ಅಲ್ಯೂಮಿನಿಯಂ ಹೀಟ್‌ಸಿಂಕಿನಲ್ಲಿ ಬೆರಳಿಗೆ ತಗಲುವುದು.

1957ರಲ್ಲಿ ಜನರಲ್ ಎಲೆಕ್ಟ್ರಿಕ್ ಕಂಪನಿಯಲ್ಲಿ ರೂಪುಗೊಂಡ ಥೈರಿಸ್ಟರ್ ಎಂಬ ಹಳೆಯ ಸ್ವಿಚ್ಚಿಗೆ ಈ ನಾಜೂಕು ಇರಲಿಲ್ಲ. ಗೇಟಿಗೆ ಒಂದು ಚಿಟಿಕೆ ಕೊಟ್ಟರೆ ಹೊತ್ತಿಕೊಳ್ಳುತ್ತಿತ್ತು, ಆರು ಎಂದರೆ ಕೇಳುತ್ತಿರಲಿಲ್ಲ. ತುಂಬಿದ ಕೆಪಾಸಿಟರೊಂದನ್ನು ಅದರ ಮೇಲೆ ತಿರುಗುಮುರುಗಾಗಿ ಒಡ್ಡಿ, ಹತ್ತಾರು ಮೈಕ್ರೊಸೆಕೆಂಡು ಉಸಿರು ಕಟ್ಟಿಸಿ ಆರಿಸಬೇಕಿತ್ತು. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಲ್ಯಾಬ್ ಕಿಟ್ಟುಗಳಲ್ಲಿ ಅಂಥವು ಈಗಲೂ ಸಿಗುತ್ತವೆ. ಹೊರಗಿನ ಲೋಕ ಅವನ್ನು ದಾಟಿ ಬಹಳ ದೂರ ಬಂದಿದೆ. ಬೆಂಗಳೂರಿನ ಸಿಗ್ನಲಿನಲ್ಲಿ ಸದ್ದಿಲ್ಲದೆ ನಿಂತ ಎಲೆಕ್ಟ್ರಿಕ್ ಸ್ಕೂಟರು ಹೊರಟಾಗ ಅದರ ಮೋಟಾರಿನ ಸುರುಳಿಗಳಲ್ಲಿ ಸೆಕೆಂಡಿಗೆ ಸಾವಿರಾರು ಸಲ ಇದೇ ಏರಿಳಿತ. ಗೋಡೆಗೆ ಸಿಕ್ಕಿಸಿದ ಮೊಬೈಲ್ ಚಾರ್ಜರಿನೊಳಗೆ ಹತ್ತಾರು ಸಾವಿರ ಸಲ, ನಮ್ಮ ಕಿವಿಯ ಎಟುಕು ಮೀರಿ, ಬಾವಲಿಗಳು ಕೂಗಿ ದಾರಿ ಕಂಡುಕೊಳ್ಳುವ ಸ್ವರಗಳ ಎತ್ತರದಲ್ಲಿ.

ಇಷ್ಟೆಲ್ಲ ಲೆಕ್ಕ ನಿಲ್ಲುವುದು ಕರೆಂಟು ಎಂದೂ ಪೂರ್ತಿ ಆರದಿದ್ದರೆ ಮಾತ್ರ. ಸುರುಳಿಯ ಬದಲು ಸಣ್ಣ ಡಿಸಿ ಮೋಟಾರನ್ನು ಇಟ್ಟು, ಭಾರವನ್ನು ಕಡಿಮೆ ಮಾಡುತ್ತ ಹೋದರೆ, ಆಫ್ ಹೊತ್ತು ಮುಗಿಯುವ ಮುನ್ನವೇ ಕರೆಂಟು ಸೊನ್ನೆ ಮುಟ್ಟುವ ಒಂದು ಘಟ್ಟ ಬರುತ್ತದೆ. ಆಗ ಆನ್ ಮತ್ತು ಆಫ್ ಎಂಬ ಎರಡು ಹೊತ್ತುಗಳ ಜೊತೆಗೆ ಮೂರನೆಯದೊಂದು ಸೇರಿಕೊಳ್ಳುತ್ತದೆ, ಸ್ವಿಚ್ಚೂ ಹರಿಸದ, ಡಯೋಡೂ ಹರಿಸದ ಹೊತ್ತು. ಅದು ಯಾವಾಗ ಶುರುವಾಗಬೇಕೆಂದು ನಿರ್ಧರಿಸುವುದು ಮೋಟಾರು. ಪುಸ್ತಕದ ಸೂತ್ರಗಳು ಇಲ್ಲಿಗೆ ಬಂದಾಗ ಕೈಬಿಡುತ್ತವೆ, ಹೊಸದಾಗಿ ಬರೆದುಕೊಳ್ಳಬೇಕು. ಪರದೆಯ ಮೇಲೆ ವೋಲ್ಟೇಜಿನ ಗೆರೆ ಸೊನ್ನೆಯಿಂದ ತಾನಾಗಿ ಎದ್ದು, ನಾಲ್ಕಾರು ಸಲ ತೂಗಾಡಿ, ನೂರೂ ಅಲ್ಲದ ಸೊನ್ನೆಯೂ ಅಲ್ಲದ ಒಂದು ಮಟ್ಟದಲ್ಲಿ ನಿಲ್ಲುತ್ತದೆ. ಅದು ತಿರುಗುತ್ತಿರುವ ಮೋಟಾರು ತನ್ನೊಳಗೇ ಹುಟ್ಟಿಸಿಕೊಂಡ ವೋಲ್ಟೇಜು; ಎಷ್ಟು ವೇಗವಾಗಿ ತಿರುಗುತ್ತಿದೆಯೋ ಅಷ್ಟು ಎತ್ತರ. ಕೆಲವು ಕಂಟ್ರೋಲರುಗಳು ಈ ಬಿಡುವನ್ನು ಬೇಕೆಂದೇ ಉಳಿಸಿಕೊಳ್ಳುತ್ತವೆ. ವೇಗ ಅಳೆಯಲು ಬೇರೆ ಸಾಧನವೇನನ್ನೂ ಇಡದೆ, ಆ ಮಟ್ಟವನ್ನು ಓದಿಕೊಂಡು, ವೇಗ ತಗ್ಗಿದ್ದರೆ ಮುಂದಿನ ಟಿ-ಆನ್ ಅನ್ನು ಒಂದೆರಡು ಮೈಕ್ರೊಸೆಕೆಂಡು ಹಿಗ್ಗಿಸುತ್ತವೆ.